ಮೂರು ಫೋಟೋ, ಒಂದೇ ಜೋಡಿ ಕಣ್ಣು

"ಈ ಫೋಟೋದಲ್ಲಿ ಇರೋದು ನೀನೇನಾ?"

ಕಣ್ಣಿನ ಡಾಕ್ಟರ್ ಫೋಟೋವನ್ನು ಟೇಬಲ್ ದೀಪದ ಕೆಳಗೆ ಹಿಡಿದುಕೊಂಡು, ಒಮ್ಮೆ ಅದನ್ನು ನೋಡಿದರು, ಇನ್ನೊಮ್ಮೆ ಎತ್ತರದ ಕುರ್ಚಿಯಲ್ಲಿ ಕೂತಿದ್ದ ಹುಡುಗಿಯನ್ನು ನೋಡಿದರು.

"ಹೂಂ, ನಾನೇ," ಎಂದಳು ಬಟಾಣಿ, ಗದ್ದ ಮೇಲೆತ್ತಿಕೊಂಡು.

ಎದುರಿಗಿದ್ದವರ ಮುಖ ಕಾಣಬೇಕಾದರೆ ಅವಳು ಗದ್ದ ಎತ್ತಲೇಬೇಕಿತ್ತು. ಅವಳ ಎರಡೂ ಕಣ್ಣಿನ ರೆಪ್ಪೆಗಳು ಅರ್ಧಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಶಾಲೆಯಲ್ಲಿ ಹುಡುಗರು ಅವಳಿಗೆ ‘ಹಾಫ್ ಶಟರ್’ ಎಂದು ಹೆಸರಿಟ್ಟಿದ್ದರು. ಬಟಾಣಿ ಎನ್ನುವುದು ಮನೆಯ ಹೆಸರು. ಹುಟ್ಟಿದಾಗ ಅಷ್ಟು ಗುಂಡಗಿದ್ದಳಂತೆ.

"ಇದೂ ನೀನೇನಾ? ಇದೂ?"

ಮೇಜಿನ ಮೇಲೆ ಮೂರು ಫೋಟೋಗಳಿದ್ದವು. ಒಂದು ವರ್ಷದ್ದು, ಮೂರು ವರ್ಷದ್ದು, ಶಾಲೆಗೆ ಸೇರಿದಾಗಿನದು. ಮೂರರಲ್ಲೂ ಮಗುವಿನ ಕಣ್ಣು ದೊಡ್ಡದಾಗಿ, ಅಗಲವಾಗಿ, ಫಳಫಳ ಹೊಳೆಯುತ್ತಿತ್ತು.

ಬಟಾಣಿ ಅಮ್ಮನ ಕಡೆ ತಿರುಗಿದಳು. ಅಮ್ಮ ಕಂದು ಗಾಜಿನ ದಪ್ಪ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ನೆಲ ನೋಡುತ್ತಿದ್ದಳು. ಅವಳ ಕಿವಿ ಕೆಂಪಗಾಗಿತ್ತು.

ಹೋದ ಸಲ ಬಂದಾಗ ಡಾಕ್ಟರ್ ಹಳೆಯ ಫೋಟೋ ಇದ್ದರೆ ತನ್ನಿ ಎಂದಿದ್ದರು. ಇವತ್ತು ಅವರು ಕೇಳಿದ ಕೂಡಲೇ ಅಮ್ಮ, "ಆಲ್ಬಮ್ ಎಲ್ಲಿದೆಯೋ ಸಿಗಲೇ ಇಲ್ಲ ಮೇಡಂ. ಮೊಬೈಲಲ್ಲಿ ಇದ್ದಿದ್ದೂ ಹೋಯ್ತು," ಎಂದಿದ್ದಳು. ಅಷ್ಟರಲ್ಲಿ ಬಟಾಣಿ, "ನನಗೆ ಸಿಕ್ತಲ್ಲಾ!" ಎಂದು ಸ್ಕೂಲ್ ಬ್ಯಾಗಿನಿಂದ ಫೋಟೋ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿಬಿಟ್ಟಿದ್ದಳು. ಆಲ್ಬಮ್ ಎಲ್ಲೂ ಕಳೆದಿರಲಿಲ್ಲ. ಬೀರುವಿನಲ್ಲಿ ಅಮ್ಮನ ಬಟ್ಟೆಗಳ ಅಡಿಯಲ್ಲಿತ್ತು. ಅಮ್ಮನಿಗೆ ಖುಷಿಯಾಗುತ್ತದೆ ಎಂದು ಅವಳು ಅಂದುಕೊಂಡಿದ್ದಳು.

"ನೋಡಿ ಅಮ್ಮ," ಎಂದರು ಡಾಕ್ಟರ್, ಈ ಸಲ ಬಟಾಣಿಯ ಅಮ್ಮನಿಗೆ. "ರೆಪ್ಪೆ ಜೋತು ಬೀಳೋದರಲ್ಲಿ ಎರಡು ಥರ ಇದೆ. ಕೆಲವರಿಗೆ ಹುಟ್ಟುವಾಗಲೇ ಹೀಗಿರುತ್ತೆ. ಅದಕ್ಕೆ ಆಪರೇಷನ್ ಮಾಡಿ ಎತ್ತಬಹುದು. ಇನ್ನು ಕೆಲವರಿಗೆ ಚೆನ್ನಾಗಿದ್ದ ರೆಪ್ಪೆ ಆಮೇಲೆ ಬೀಳುತ್ತೆ. ಹಾಗಾದ್ರೆ ಯಾಕೆ ಬಿತ್ತು ಅಂತ ಮೊದಲು ಹುಡುಕಬೇಕು. ನೀವು ಹುಟ್ಟಿದಾಗಿನಿಂದ ಅಂದ್ರಿ. ನನಗೂ ಇವಳ ಕಣ್ಣು ನೋಡಿದ್ರೆ ಹಾಗೇ ಅನ್ಸಿತ್ತು. ಆದ್ರೆ ಫೋಟೋ ಬೇರೇನೇ ಹೇಳ್ತಿದೆಯಲ್ಲ?"

ಅಮ್ಮ ಕನ್ನಡಕವನ್ನು ಇನ್ನೊಮ್ಮೆ ಒತ್ತಿಕೊಂಡಳು.

"ಮನೆಯಲ್ಲಿ ಯಾರಿಗೂ ಈ ಥರ ಇಲ್ಲ ಅಂದ್ರಿ, ಅಲ್ವಾ?"

"ಯಾರಿಗೂ ಇಲ್ಲ," ಎಂದಳು ಅಮ್ಮ, ಬೇಗ.

"ಹಾಗಾದ್ರೆ ತಲೆಯ ಸ್ಕ್ಯಾನ್ ಆಗಲಿ. ರಕ್ತ ಪರೀಕ್ಷೆ, ನರದ ಪರೀಕ್ಷೆನೂ ಆಗಲಿ. ಕಾರಣ ಗೊತ್ತಾಗೋವರೆಗೂ ನಾನು ಕತ್ತರಿ ಮುಟ್ಟಲ್ಲ. ಮುಂದಿನ ವಾರ ಬನ್ನಿ."

ರಜೆಯ ಮೊದಲ ಸೋಮವಾರಕ್ಕೆ ಆಪರೇಷನ್ ಎಂದು ಫೈಲಿನಲ್ಲಿ ಬರೆದಿತ್ತು. ಡಾಕ್ಟರ್ ಅದರ ಮೇಲೆ ಒಂದು ಗೆರೆ ಎಳೆದರು. ರಜೆ ಮುಗಿಸಿ ಬಂದ ಮೇಲೆ ಬೋರ್ಡು ನೋಡಲು ಕತ್ತು ನೋಯಿಸಿಕೊಳ್ಳಬೇಕಾಗಿಲ್ಲ, ಮೆಟ್ಟಿಲಲ್ಲಿ ಎಡವಬೇಕಾಗಿಲ್ಲ, ಯಾರೂ ಹಾಫ್ ಶಟರ್ ಅನ್ನುವುದಿಲ್ಲ ಎಂದು ಬಟಾಣಿ ದಿನ ಎಣಿಸುತ್ತಿದ್ದಳು.

ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು. "ಕೇಳದೆ ಆಲ್ಬಮ್ ಯಾಕೆ ತೆಗೆದೆ?" ಎಂದು ಒಂದೇ ಒಂದು ಮಾತು ಕೇಳಿದಳು. ಅದರಲ್ಲಿ ಬೈಗುಳ ಇರಲಿಲ್ಲ. ಆ ದನಿ ಹೆದರಿದವರ ದನಿಯ ಹಾಗಿತ್ತು.

ಅಮ್ಮ ಯಾಕೆ ಹೆದರಬೇಕು?

* * *

"ಇದು ನೀನಲ್ಲ," ಎಂದಳು ರೇಡಿಯೋ, ಮಾರನೆಯ ದಿನ ಊಟದ ಬಿಡುವಿನಲ್ಲಿ. ಬಟಾಣಿಯ ಪಕ್ಕ ಕೂರುವ ಈ ಗೆಳತಿಯ ಬಾಯಿಗೆ ಬೀಗವೇ ಇಲ್ಲದ್ದರಿಂದ ಇಡೀ ಕ್ಲಾಸು ಅವಳನ್ನು ರೇಡಿಯೋ ಎನ್ನುತ್ತಿತ್ತು. "ನೂರಕ್ಕೆ ನೂರು ಹೇಳ್ತೀನಿ. ಇದು ಬೇರೆ ಮಗು."

"ಸುಮ್ನಿರೇ. ನಮ್ಮನೆ ಆಲ್ಬಮ್ಮಲ್ಲಿ ಬೇರೆ ಮಗು ಯಾಕಿರುತ್ತೆ?"

"ಅದೇ ನಾನೂ ಕೇಳೋದು, ಯಾಕಿರುತ್ತೆ? ಆಸ್ಪತ್ರೆಯಲ್ಲಿ ಎಕ್ಸ್‌ಚೇಂಜ್ ಆಗಿರಬೇಕು."

"ಶಾಲೆಗೆ ಸೇರೋವಾಗ್ಲೂ ಕಣ್ಣು ದೊಡ್ಡದಾಗಿದೆ. ಐದು ವರ್ಷ ಆದ್ಮೇಲೆ ಎಕ್ಸ್‌ಚೇಂಜ್ ಮಾಡ್ತಾರೇನೇ, ಪೆದ್ದಿ?"

ರೇಡಿಯೋ ಸೋಲುವವಳಲ್ಲ. "ಹಾಗಾದ್ರೆ ನಿನಗೆ ಒಬ್ಬಳು ಅಕ್ಕ ಇದ್ದಳು. ಏನೋ ಆಗಿ ಹೋದಳು. ಅದಕ್ಕೇ ಆಲ್ಬಮ್ ಬಟ್ಟೆ ಕೆಳಗೆ ಬಚ್ಚಿಟ್ಟಿದ್ದು."

ಬಟಾಣಿಗೆ ಒಂದು ವಿಷಯ ಹೊಳೆಯಿತು. ಎಡಗಿವಿಯ ಕೆಳಗೆ ಅವಳಿಗೊಂದು ಮಚ್ಚೆ ಇತ್ತು. ಫೋಟೋವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಮಚ್ಚೆ ಅಲ್ಲೇ ಇತ್ತು, ಎಳ್ಳಿನಷ್ಟು.

"ನೋಡು! ನಾನೇ!"

"ಅವಳಿ ಮಕ್ಕಳಿಗೆ ಮಚ್ಚೆನೂ ಒಂದೇ ಥರ ಇರುತ್ತೆ," ಎಂದಳು ರೇಡಿಯೋ. "ನಮ್ಮ ಚಿಕ್ಕಮ್ಮ ಹೇಳಿದ್ದಾರೆ."

"ನಿಮ್ಮ ಚಿಕ್ಕಮ್ಮ ಡಾಕ್ಟರಾ?"

"ಬ್ಯೂಟಿ ಪಾರ್ಲರ್. ದಿನಾ ನೂರು ಮುಖ ನೋಡ್ತಾರೆ."

ಬೆಲ್ ಹೊಡೆಯಿತು. ಆಮೇಲೆ ಮಿಸ್ ಬೋರ್ಡಿನ ಮೇಲೆ ಏನು ಬರೆದರೋ ಬಟಾಣಿಯ ತಲೆಗೆ ಹೋಗಲಿಲ್ಲ.

ಅವತ್ತು ಸಂಜೆ ಅವಳು ಅಪ್ಪನನ್ನು ಹಿಡಿದಳು. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಕೆಲಸದಿಂದ ಬಂದ ಕೂಡಲೇ ಬಚ್ಚಲ ಬಾಗಿಲಲ್ಲಿ ನಿಂತು, ಬಟ್ಟೆ ಸೋಪಿನ ಪುಡಿ ಹಾಕಿ ಕೈಯ ಗ್ರೀಸ್ ತಿಕ್ಕುತ್ತಿದ್ದ.

"ಅಪ್ಪಾ, ನಾನು ಚಿಕ್ಕವಳಿದ್ದಾಗ ನನ್ನ ಕಣ್ಣು ಹೇಗಿತ್ತು?"

"ಎರಡಿತ್ತು."

"ಅಪ್ಪಾ! ತಮಾಷೆ ಬೇಡ. ದೊಡ್ಡದಿತ್ತಾ, ಈಗಿನ ಹಾಗೇ ಇತ್ತಾ?"

"ಈಗಿನ ಹಾಗೇ. ನಿದ್ದೆ ಬಂದಿದೆ ಅಂತ ತೊಟ್ಟಿಲಿಗೆ ಹಾಕಿದ್ರೆ ಹೋ ಅಂತ ಅಳ್ತಿದ್ದೆ. ನೋಡಿದ್ರೆ ನೀನು ಎಚ್ಚರವಾಗೇ ಇರ್ತಿದ್ದೆ!"

"ಮತ್ತೆ ಆಲ್ಬಮ್ಮಲ್ಲಿ ಯಾಕೆ ದೊಡ್ಡದಿದೆ?"

ಅಪ್ಪನ ಕೈ ನಿಂತಿತು. ನಲ್ಲಿಯನ್ನು ಇನ್ನೊಂದು ಸುತ್ತು ಜೋರಾಗಿ ತಿರುಗಿಸಿ, ಆಗಲೇ ಬೆಳ್ಳಗಾಗಿದ್ದ ಕೈಯನ್ನು ಮತ್ತೆ ತಿಕ್ಕತೊಡಗಿದ.

"ಅದು ನಿಮ್ಮಮ್ಮ ಹೇಳಬೇಕಾದ ಮಾತು ಕಂದಾ. ಅವಳನ್ನೇ ಕೇಳು," ಎಂದ.

ಹಾಗಾದರೆ ಅಪ್ಪನಿಗೂ ಗೊತ್ತು. ಗೊತ್ತಿಲ್ಲದಿರುವುದು ತನಗೊಬ್ಬಳಿಗೇ.

ಅವತ್ತಿನಿಂದ ಬಟಾಣಿ ಅಮ್ಮನನ್ನು ಗಮನಿಸತೊಡಗಿದಳು. ಅಮ್ಮ ಮನೆಯೊಳಗೂ ಕನ್ನಡಕ ಯಾಕೆ ತೆಗೆಯುವುದಿಲ್ಲ? ಕಂಪ್ಯೂಟರ್ ನೋಡಿ ತಲೆನೋವು ಎನ್ನುತ್ತಾಳೆ, ಆದರೆ ಅಕ್ಕಿ ಆರಿಸುವಾಗ ಕಂಪ್ಯೂಟರ್ ಎಲ್ಲಿದೆ? ಸ್ಕ್ಯಾನ್ ಮಾಡಿಸಲು ಅಪ್ಪ ರಜೆ ಹಾಕುತ್ತೇನೆ ಎಂದರೆ, "ನೋಡೋಣ, ಅವಸರ ಏನು?" ಎಂದು ಮಾತು ತಿರುಗಿಸುತ್ತಾಳೆ. ಮಗಳ ತಲೆಯೊಳಗೆ ಏನಾಗಿದೆಯೋ ಎಂದು ಡಾಕ್ಟರಿಗೇ ಚಿಂತೆ, ಅಮ್ಮನಿಗೆ ಚಿಂತೆ ಇಲ್ಲವೇ? ಸ್ಕ್ಯಾನ್ ಬೇಕಾಗಿಲ್ಲ ಎಂದು ಅಮ್ಮನಿಗೆ ಮೊದಲೇ ಗೊತ್ತಿರುವಂತಿತ್ತು.

* * *

ಶಾಲೆ ಬಿಟ್ಟ ಮೇಲೆ ಬಟಾಣಿ ನೇರ ಅಮ್ಮನ ಕೆಲಸದ ಜಾಗಕ್ಕೆ ಹೋಗುತ್ತಿದ್ದಳು. ಅದೊಂದು ಫೋಟೋ ಸ್ಟುಡಿಯೋ. ಮುಂದೆ ಗಾಜಿನ ಕೌಂಟರ್, ಒಂದು ಗೋಡೆಗೆ ಮಾರಾಟಕ್ಕಿಟ್ಟ ಫ್ರೇಮುಗಳು, ಒಳಗೆ ನೀಲಿ ಪರದೆ ಮತ್ತು ಕೊಡೆಯಂಥ ದೀಪಗಳು. ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಅಮ್ಮ. ಮೊಡವೆ ಅಳಿಸುವುದು, ಕೆದರಿದ ಕೂದಲು ಕೂರಿಸುವುದು, ಹರಿದ ಹಳೆಯ ಫೋಟೋ ಕೂಡಿಸುವುದು ಅಮ್ಮನ ಕೆಲಸ.

ಆ ಗುರುವಾರ ಅಮ್ಮನ ಕಂಪ್ಯೂಟರ್ ಪರದೆಯ ಮೇಲೆ ಯಾವುದೋ ಆಫೀಸಿನ ಗುಂಪು ಫೋಟೋ ಇತ್ತು. ಇಪ್ಪತ್ತು ಜನ ನಗುತ್ತಿದ್ದರು. ನಡುವಿನ ಕುರ್ಚಿಯಲ್ಲಿ ಹಾರ ಹಾಕಿಕೊಂಡ ಯಜಮಾನರು ಮಾತ್ರ ಗಟ್ಟಿಯಾಗಿ ಕಣ್ಣು ಮುಚ್ಚಿದ್ದರು.

"ಇವತ್ತೇ ರಿಟೈರ್ ಆದವರು," ಎಂದರು ಸ್ಟುಡಿಯೋ ಅಂಕಲ್. ಅಂಗಡಿ ಅವರದೇ. "ಫೋಟೋದಲ್ಲೇ ನಿದ್ದೆ ಶುರು ಮಾಡಿದ್ದಾರೆ ನೋಡು."

ಅಮ್ಮ ಅದೇ ಯಜಮಾನರ ಇನ್ನೊಂದು ಫೋಟೋ ತೆರೆದಳು. ಅದರಲ್ಲಿ ಅವರ ಕಣ್ಣು ತೆರೆದಿತ್ತು. ಮೌಸಿನಿಂದ ಆ ಕಣ್ಣುಗಳ ಸುತ್ತ ಒಂದು ಗೆರೆ ಎಳೆದಳು, ಎತ್ತಿಕೊಂಡಳು, ತಂದು ಮುಚ್ಚಿದ ಕಣ್ಣಿನ ಮೇಲೆ ಇಟ್ಟಳು. ಅಂಚು ಉಜ್ಜಿದಳು. ಎರಡು ನಿಮಿಷದಲ್ಲಿ ಯಜಮಾನರು ಕಣ್ಣರಳಿಸಿ ಕೂತಿದ್ದರು.

"ಇನ್ನೊಂದು ಫೋಟೋ ಇಲ್ಲದಿದ್ರೆ?" ಎಂದು ಕೇಳಿದಳು ಬಟಾಣಿ.

"ಇಲ್ಲದಿದ್ರೆ ಏನಂತೆ?" ಎಂದು ಅಂಕಲ್ ನಕ್ಕರು. "ನಿಮ್ಮಮ್ಮ ದೊಡ್ಡ ಕಳ್ಳಿ ಕಣಮ್ಮಾ. ಒಬ್ಬರ ಕಣ್ಣು ಕದ್ದು ಇನ್ನೊಬ್ಬರಿಗೆ ಇಟ್ಟುಬಿಡ್ತಾಳೆ. ಯಾರಿಗೂ ಗೊತ್ತಾಗಲ್ಲ!"

ಅಮ್ಮ ನಗಲಿಲ್ಲ. ಅವಳ ಬೆರಳು ಮೌಸಿನ ಮೇಲೆ ಹಾಗೇ ನಿಂತಿತು.

ಅಷ್ಟರಲ್ಲಿ ಗಿರಾಕಿ ಬಂದರು. ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಯಲು ಅಂಕಲ್ ಒಳಗೆ ಹೋದರು, ದೀಪ ಹಿಡಿಯಲು ಅಮ್ಮನೂ ಹೋದಳು.

ಬಟಾಣಿ ಬ್ಯಾಗಿನಿಂದ ಮೂರು ಫೋಟೋಗಳನ್ನು ತೆಗೆದು ಕೌಂಟರಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ಇಷ್ಟು ದಿನ ಅವಳು ಮುಖ ನೋಡಿದ್ದಳು, ಮಚ್ಚೆ ನೋಡಿದ್ದಳು. ಈಗ ಕಣ್ಣುಗಳನ್ನಷ್ಟೇ ನೋಡಿದಳು. ಬಲಗಣ್ಣಿನಲ್ಲಿ ಬೆಳಕಿನ ಒಂದು ಚೌಕ, ಅದರ ಪಕ್ಕ ಒಂದು ಸಣ್ಣ ಚುಕ್ಕೆ. ಎಡಗಣ್ಣಿನಲ್ಲೂ ಹಾಗೇ. ಒಂದು ವರ್ಷದ ಫೋಟೋದಲ್ಲೂ ಅದೇ ಚೌಕ, ಮೂರು ವರ್ಷದ್ದರಲ್ಲೂ ಅದೇ, ಐದರಲ್ಲೂ ಅದೇ. ಎಡಗಣ್ಣಿನ ಮೂಲೆಯಲ್ಲಿ ಒಂದು ರೆಪ್ಪೆಗೂದಲು ಮೇಲಕ್ಕೆ ಬಾಗಿತ್ತು. ಮೂರರಲ್ಲೂ ಬಾಗಿತ್ತು.

ಮುಖ ಬೆಳೆದಿತ್ತು. ಕಣ್ಣು ಬೆಳೆದಿರಲಿಲ್ಲ. ಮೂರು ಫೋಟೋದಲ್ಲೂ ಇದ್ದದ್ದು ಒಂದೇ ಜೋಡಿ ಕಣ್ಣು.

ಹಾಗಾದರೆ ಯಾರದು?

ಅವಳು ಗದ್ದ ಎತ್ತಿ ಸುತ್ತಲೂ ನೋಡಿದಳು. ಎದುರಿನ ಗೋಡೆಯ ಫ್ರೇಮುಗಳಿಂದ ಹನ್ನೆರಡು ಮಕ್ಕಳು ಅವಳನ್ನೇ ನೋಡುತ್ತಿದ್ದವು. ಹನ್ನೆರಡೂ ಒಂದೇ ಮಗು. ಕೆಂಪು ಟೋಪಿ ಹಾಕಿದ ಆ ಮಗುವಿನ ಫೋಟೋ ಫ್ರೇಮಿನ ಜೊತೆಗೇ ಕಾರ್ಖಾನೆಯಿಂದ ಬರುತ್ತಿತ್ತು. ಕೊಂಡವರು ಅದನ್ನು ತೆಗೆದು ಬಿಸಾಕಿ ತಮ್ಮ ಫೋಟೋ ಹಾಕಿಕೊಳ್ಳುತ್ತಿದ್ದರು. ಬಟಾಣಿ ಒಂದು ಫ್ರೇಮನ್ನು ಕೆಳಗಿಳಿಸಿದಳು.

ಚೌಕ. ಪಕ್ಕದಲ್ಲಿ ಚುಕ್ಕೆ. ಎಡಗಣ್ಣಿನ ಮೂಲೆಯಲ್ಲಿ ಬಾಗಿದ ಕೂದಲು.

ಗಿರಾಕಿ ಹೊರಟುಹೋದರು. ಅಂಕಲ್ ಪಕ್ಕದ ಅಂಗಡಿಗೆ ಚಿಲ್ಲರೆ ತರಲು ಹೋದರು. ಅಮ್ಮ ಒಳಗಿನಿಂದ ಬಂದವಳು ಕೌಂಟರ್ ಹತ್ತಿರ ಬಂದು ನಿಂತುಬಿಟ್ಟಳು. ಫ್ರೇಮು, ಫೋಟೋಗಳು, ಮಗಳು.

"ಇದು ಇವನ ಕಣ್ಣು," ಎಂದಳು ಬಟಾಣಿ.

ಅಮ್ಮ ಫ್ರೇಮನ್ನು ಬೋರಲು ಹಾಕಿದಳು.

"ನನಗೆ ಅಕ್ಕ ಇರಲಿಲ್ಲ ಅಲ್ವಾ? ಇದು ನಾನೇ. ನನ್ನ ಕಣ್ಣು ತೆಗೆದು ಈ ಟೋಪಿ ಪಾಪುದು ಹಾಕಿದ್ದೀಯ. ನನ್ನ ಕಣ್ಣು ಚೆನ್ನಾಗಿಲ್ಲ ಅಂತ ತಾನೇ?"

"ಅಲ್ಲ ಬಟಾಣಿ..."

"ಮತ್ತೆ? ನಿನ್ನ ಸುಳ್ಳಿಂದ ನನ್ನ ಆಪರೇಷನ್ ನಿಂತೋಯ್ತು! ನನ್ನ ತಲೆಯೊಳಗೆ ಏನೋ ಆಗಿದೆ ಅಂತ ನಾನು ನಾಲ್ಕು ದಿನದಿಂದ ಹೆದರ್ಕೊಂಡಿದ್ದೀನಿ!"

ಅಮ್ಮ ಸ್ಟೂಲಿನ ಮೇಲೆ ಕುಸಿದಂತೆ ಕೂತಳು. "ಅಯ್ಯೋ, ನಿನಗೆ ಹೆದರಿಕೆ ಆಗಿರುತ್ತೆ ಅಂತ ನನಗೆ ಹೊಳೀಲೇ ಇಲ್ಲವಲ್ಲ ಮಗಳೇ," ಎಂದಳು. ಆಮೇಲೆ ಕೌಂಟರಿನ ಗಾಜನ್ನು ಸೆರಗಿನ ತುದಿಯಿಂದ ಒರೆಸತೊಡಗಿದಳು. ಗಾಜು ಚೊಕ್ಕವಾಗಿಯೇ ಇತ್ತು.

"ನಿನಗೆ ಒಂದು ವರ್ಷ ತುಂಬಿದಾಗ ನೆಂಟರಿಗೆಲ್ಲ ಫೋಟೋ ಕಳಿಸಬೇಕಿತ್ತು. ನೋಡಿದೋರು ಮೊದಲು, ‘ಮಗು ಯಾಕೆ ಕಣ್ಣು ಬಿಟ್ಟಿಲ್ಲ’ ಅಂತಾರೆ. ಆಮೇಲೆ, ‘ಇದು ಯಾರ ಕಡೆಯಿಂದ ಬಂತು’ ಅಂತಾರೆ. ಅದಕ್ಕೇ ಒಂದೇ ಒಂದು ಸಲ ಅಂತ ತಿದ್ದಿದೆ. ಆಮೇಲೆ ಎರಡನೇದು ತಿದ್ದದೇ ಇರೋಕಾಗಲಿಲ್ಲ. ಮೊದಲನೇದು ಸುಳ್ಳು ಅಂತ ಗೊತ್ತಾಗಿಬಿಡುತ್ತಲ್ಲ."

"ಯಾರ ಕಡೆಯಿಂದ ಬಂತು?"

ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿದಳು. ಕನ್ನಡಕ ತೆಗೆದಳು.

ಅಮ್ಮನ ಕಣ್ಣನ್ನು ಬಟಾಣಿ ಎಷ್ಟೋ ಸಲ ನೋಡಿದ್ದಳು, ಆದರೆ ಇಷ್ಟು ಹತ್ತಿರದಿಂದ, ಇಷ್ಟು ಬೆಳಕಿನಲ್ಲಿ ನೋಡಿರಲಿಲ್ಲ. ರೆಪ್ಪೆಯ ಮಡಿಕೆಯಲ್ಲಿ ದಾರದಷ್ಟು ಸಣ್ಣ ಬಿಳಿ ಗೆರೆಗಳಿದ್ದವು. ಹುಬ್ಬಿನ ಮೇಲೆ ಮೂರು ಪುಟ್ಟ ಗುರುತುಗಳು. ಮೂಗಿನ ಪಕ್ಕದ ಮೂಲೆಯಲ್ಲಿ, ಕೆಳಗಿನಿಂದ ಮೇಲಕ್ಕೆ ಏಳುವ ಚರ್ಮದ ಒಂದು ಮಡಿಕೆ. ಅಂಥದ್ದೇ ಮಡಿಕೆ ಬಟಾಣಿಗೂ ಇತ್ತು. ಕನ್ನಡಿಯಲ್ಲಿ ಅವಳು ಅದನ್ನು ದಿನಾ ನೋಡುತ್ತಿದ್ದಳು.

"ನನ್ನ ರೆಪ್ಪೆನೂ ನಿನ್ನ ಹಾಗೇ ಇತ್ತು. ಏಳು ವರ್ಷಕ್ಕೆ ಆಪರೇಷನ್ ಆಯ್ತು," ಎಂದಳು ಅಮ್ಮ. "ನನ್ನ ತೊಡೆ ಮೇಲೆ ಗಾಯದ ಗುರುತಿದೆಯಲ್ಲ?"

"ಸೈಕಲ್ಲಿಂದ ಬಿದ್ದಿದ್ದು."

"ನನಗೆ ಇವತ್ತಿಗೂ ಸೈಕಲ್ ತುಳಿಯೋಕೇ ಬರಲ್ಲ ಕಣೇ. ಅಲ್ಲಿಂದ ಒಳಗಿನ ನಾರಿನಂಥ ಒಂದು ಪಟ್ಟಿ ತೆಗೆದು ರೆಪ್ಪೆಯನ್ನ ಹುಬ್ಬಿಗೆ ಕಟ್ಟಿದ್ರು. ಹುಬ್ಬು ಎತ್ತಿದ್ರೆ ರೆಪ್ಪೆ ಏಳಬೇಕು, ಹಾಗೆ."

"ಅದಕ್ಕೇನಾ ನೀನು ಮಲಗಿದಾಗ್ಲೂ ಕಣ್ಣು ಒಂಚೂರು ತೆರೆದೇ ಇರೋದು?"

"ಹೂಂ. ಪೂರ್ತಿ ಮುಚ್ಚಲ್ಲ."

"ನಾನು ಏನು ಮಾಡ್ತೀನಿ ಅಂತ ನೋಡೋಕೆ ಅಂದ್ಕೊಂಡಿದ್ದೆ," ಎಂದಳು ಬಟಾಣಿ. "ಎಲ್ಲಾ ಅಮ್ಮಂದಿರೂ ಹಾಗೇ ಮಲಗ್ತಾರೆ ಅಂದ್ಕೊಂಡಿದ್ದೆ."

ಅಮ್ಮನಿಗೆ ನಗು ಬಂತು. ನಗುತ್ತಲೇ ಮೂಗು ಏರಿಸಿಕೊಂಡಳು.

"ಆಪರೇಷನ್ ಆದ್ಮೇಲೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ರು. ಎಚ್ಚರ ಆದ್ರೆ ಕತ್ತಲೆ. ನಮ್ಮಮ್ಮನ್ನ ಕೂಗಿದ್ರೆ ಅವಳು ಊಟಕ್ಕೆ ಹೋಗಿದ್ದಳು. ಅಷ್ಟೇ, ಹತ್ತು ನಿಮಿಷ. ಆದ್ರೂ ಅದು ಇನ್ನೂ ಮುಗಿದ ಹಾಗಿಲ್ಲ. ನಿನ್ನ ಆಪರೇಷನ್ನೂ ಮುಂದಿನ ವರ್ಷ, ಮುಂದಿನ ವರ್ಷ ಅಂತ ತಳ್ಳುತ್ತಾ ಬಂದೆ. ನಿನಗೆ ಬೋರ್ಡು ಕಾಣ್ತಿಲ್ಲ ಅಂತ ನಿಮ್ಮ ಮಿಸ್ ಚೀಟಿ ಬರೆದು ಕಳಿಸೋವರೆಗೂ."

ಬಟಾಣಿ ಫ್ರೇಮನ್ನು ಮತ್ತೆ ಗೋಡೆಗೆ ಹಾಕಿದಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ. "ನನ್ನ ನಿಜವಾದ ಫೋಟೋ ಅಳಿಸಿಬಿಟ್ಯಾ?" ಎಂದು ಕೇಳಿದಳು.

"ಅಳಿಸೋಕೆ ಕೈ ಬರಲಿಲ್ಲ."

ಅಮ್ಮ ಡ್ರಾಯರಿನಿಂದ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದಳು. ಪರದೆಯ ಮೇಲೆ ಒಂದು ವರ್ಷದ ಮಗು ಬಂತು. ತಲೆ ಹಿಂದಕ್ಕೆ ಹಾಕಿ, ಗದ್ದ ಆಕಾಶಕ್ಕೆ ಮಾಡಿ, ಎರಡು ಗೀರಿನಂಥ ಕಣ್ಣುಗಳಲ್ಲಿ ಕ್ಯಾಮೆರಾವನ್ನು ಹುಡುಕುತ್ತಾ ಬಾಯಿ ತುಂಬಾ ನಗುತ್ತಿತ್ತು.

"ಅಯ್ಯೋ, ನಾನು ಎಷ್ಟು ಚೆನ್ನಾಗಿ ನಗ್ತಿದ್ದೆ!" ಎಂದಳು ಬಟಾಣಿ. ಆಲ್ಬಮ್ಮಿನ ಫೋಟೋದಲ್ಲಿ ಆ ನಗು ಹೀಗೆ ಕಾಣುತ್ತಿರಲಿಲ್ಲ. ಟೋಪಿ ಪಾಪುವಿನ ಕಣ್ಣು ನಗುತ್ತಿರಲಿಲ್ಲವಲ್ಲ.

"ಇದನ್ನ ಡಾಕ್ಟರಿಗೆ ತೋರಿಸ್ತೀಯಾ?"

"ತೋರಿಸ್ತೀನಿ," ಎಂದಳು ಅಮ್ಮ.

"ಉಳಿದಿದ್ದೂ ಹೇಳ್ತೀಯಾ?"

ಅಮ್ಮ ಕನ್ನಡಕ ಹಾಕಿಕೊಂಡಳು. ಅಂಕಲ್ ಚಿಲ್ಲರೆ ಎಣಿಸುತ್ತಾ ಬಾಗಿಲಿಗೆ ಬಂದಿದ್ದರು.

* * *

ಅಮ್ಮ ಹೊಸದಾಗಿ ಪ್ರಿಂಟ್ ಹಾಕಿಸಿದ ಮೂರು ಫೋಟೋಗಳನ್ನು ಡಾಕ್ಟರ್ ಹಳೆಯ ಮೂರರ ಕೆಳಗೆ ಇಟ್ಟುಕೊಂಡು ನೋಡಿದರು. ಅಮ್ಮ ಫೋಟೋದ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿದ್ದಳು. ಕೆಲಸದ ಬಗ್ಗೆ, ತಿದ್ದಿದ್ದರ ಬಗ್ಗೆ, ಟೋಪಿ ಪಾಪುವಿನ ಬಗ್ಗೆ.

"ನನಗೇ ಮೋಸ ಮಾಡಿಬಿಟ್ರಲ್ಲ," ಎಂದರು ಡಾಕ್ಟರ್. "ಕೆಲಸ ಅಷ್ಟು ಚೆನ್ನಾಗಿದೆ. ಆದ್ರೆ ಸುಮ್ಮನೆ ಮಗೂನ ಸ್ಕ್ಯಾನಿಗೆ ಮಲಗಿಸಿಬಿಡ್ತಿದ್ದೆ, ಗೊತ್ತಾ?"

ಅಮ್ಮ ತಲೆ ತಗ್ಗಿಸಿದಳು.

"ಹಾಗಾದ್ರೆ ಇದು ಹುಟ್ಟಿನಿಂದಲೇ. ಸರಿ." ಡಾಕ್ಟರ್ ಪೆನ್ನಿನ ಮುಚ್ಚಳ ತೆಗೆದರು. "ಇನ್ನೊಂದು ಸಲ ಕೇಳ್ತೀನಿ. ಮನೆಯಲ್ಲಿ ಬೇರೆ ಯಾರಿಗಾದ್ರೂ?"

ಬಟಾಣಿಯ ನಾಲಿಗೆಯ ತುದಿಗೆ ಮಾತು ಬಂದು ನಿಂತಿತು. ಒಂದೇ ಮಾತು. ಹೇಳಿಬಿಟ್ಟರೆ ಮುಗಿಯಿತು. ಹೋದ ಸಲ ಹೀಗೇ ಅವಸರಪಟ್ಟು ಬ್ಯಾಗ್ ತೆರೆದಿದ್ದಳು. ಈ ಸಲ ಹಲ್ಲು ಕಚ್ಚಿ, ಕುರ್ಚಿಯ ಕೈಗಳನ್ನು ಹಿಡಿದು ಕೂತಳು. ಅಮ್ಮ ಮತ್ತೆ ‘ಯಾರಿಗೂ ಇಲ್ಲ’ ಎಂದುಬಿಟ್ಟರೆ? ಅನ್ನಬಹುದು. ಅಮ್ಮನ ಕೈ ಮಡಿಲಲ್ಲಿ ಬ್ಯಾಗಿನ ಜಿಪ್ಪನ್ನು ಎಳೆಯುತ್ತಿತ್ತು, ಮುಚ್ಚುತ್ತಿತ್ತು.

ಜಿಪ್ಪಿನ ಸದ್ದು ನಿಂತಿತು.

"ನನಗೇ ಇದೆ ಮೇಡಂ," ಎಂದು ಅಮ್ಮ ಕನ್ನಡಕ ತೆಗೆದಳು.

ಡಾಕ್ಟರ್ ಎದ್ದು ಬಂದು, ಅಮ್ಮನ ಮುಖವನ್ನು ಬೆಳಕಿಗೆ ತಿರುಗಿಸಿ ತುಂಬಾ ಹೊತ್ತು ನೋಡಿದರು. ಬಯ್ಯಲಿಲ್ಲ. "ಯಾರೋ ಒಳ್ಳೆ ಡಾಕ್ಟರ್ ಮಾಡಿದ್ದಾರೆ. ಇಷ್ಟು ವರ್ಷ ಗಟ್ಟಿಯಾಗಿ ನಿಂತಿದೆ," ಎಂದರು.

ಆಮೇಲೆ ಬಟಾಣಿಯ ಕಡೆ ತಿರುಗಿದರು. "ಇದಕ್ಕೊಂದು ಉದ್ದ ಹೆಸರಿದೆ. ಬ್ಲೆಫರೋಫೈಮೋಸಿಸ್. ಹೇಳು ನೋಡೋಣ?"

"ಬ್ಲೆಫ... ರೋ... ಫೈ..."

"ಸಾಕು, ಪಾಸ್. ಮೈ ಹೇಗೆ ಬೆಳೀಬೇಕು ಅಂತ ನಮ್ಮೊಳಗೆ ಒಂದು ಉದ್ದ ಬರಹ ಇರುತ್ತೆ ಅಂದ್ಕೋ. ಜೀನ್ ಅಂತಾರಲ್ಲ, ಅದು. ರೆಪ್ಪೆ ಬಗ್ಗೆ ಬರೆದಿರೋ ಜಾಗದಲ್ಲಿ ಒಂದು ಸಣ್ಣ ಬದಲಾವಣೆ ಆದ್ರೆ ಹೀಗಾಗುತ್ತೆ. ರೆಪ್ಪೆಗಳ ನಡುವಿನ ತೆರಪು ಚಿಕ್ಕದಾಗಿರುತ್ತೆ, ರೆಪ್ಪೆ ಎತ್ತೋ ಸ್ನಾಯುವಿಗೆ ಶಕ್ತಿ ಇರಲ್ಲ. ತುಂಬಾ ಅಪರೂಪ. ನನ್ನ ಹತ್ತಿರ ಇಷ್ಟು ವರ್ಷದಲ್ಲಿ ನಾಲ್ಕೈದು ಜನ ಬಂದಿರಬಹುದು."

"ಅಮ್ಮನಿಂದ ನನಗೆ ಬಂತಾ?"

"ಹೂಂ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ರೆ ಮಗುವಿಗೆ ಬರಬಹುದು, ಬರದೇನೂ ಇರಬಹುದು. ನಾಣ್ಯ ಚಿಮ್ಮಿದ ಹಾಗೆ. ಯಾರಿಗೂ ಇಲ್ಲದೆ ಹೊಸದಾಗಿ ಬರೋದೂ ಉಂಟು."

"ಅಮ್ಮ ಏನಾದ್ರೂ ಬೇರೆ ಥರ ಮಾಡಿದ್ದಿದ್ರೆ ಬರ್ತಿರಲಿಲ್ವಾ?"

"ನಾಣ್ಯ ಯಾವ ಕಡೆ ಬೀಳಬೇಕು ಅಂತ ಯಾರು ಹೇಳೋಕಾಗುತ್ತೆ?" ಎಂದರು ಡಾಕ್ಟರ್.

ಅಮ್ಮ ಇನ್ನೊಂದು ಕಡೆ ಮುಖ ತಿರುಗಿಸಿ ಕರ್ಚೀಫು ಹುಡುಕಿದಳು.

ಡಾಕ್ಟರ್ ಫೈಲಿನಲ್ಲಿ ಹೊಸ ತಾರೀಖು ಬರೆದರು. ರಜೆಯ ಎರಡನೇ ಸೋಮವಾರ. "ಪಟ್ಟಿ ಒಂದು ದಿನ ಇರುತ್ತೆ. ಅಮ್ಮ ಪಕ್ಕದಲ್ಲೇ ಇರಬಹುದು, ಊಟನೂ ಅಲ್ಲಿಗೇ ತರಿಸ್ತೀವಿ," ಎಂದರು. ಅಮ್ಮ ಅವರಿಗೆ ಯಾವಾಗ ಆ ಹತ್ತು ನಿಮಿಷದ ಕತೆಯನ್ನೂ ಹೇಳಿದಳೋ ಬಟಾಣಿಗೆ ಗೊತ್ತಾಗಲಿಲ್ಲ.

"ಈಗ ಪಕ್ಕದ ರೂಮಿಗೆ ಹೋಗಿ. ಆಪರೇಷನ್‌ಗೆ ಮುಂಚಿನ ಫೋಟೋ ಬೇಕು. ಅಮ್ಮ ಮಗಳು, ಇಬ್ಬರದೂ. ಫೈಲಿನಲ್ಲಿ ಅಕ್ಕಪಕ್ಕ ಇರಲಿ."

ಪಕ್ಕದ ರೂಮಿನಲ್ಲಿ ಬಿಳಿ ಗೋಡೆ, ಒಂದು ಸ್ಟೂಲು ಇತ್ತು. ನರ್ಸ್ ಬಟಾಣಿಯ ಫೋಟೋಗಳನ್ನು ಪಟಪಟ ತೆಗೆದರು. ಎದುರಿಗೆ, ಎಡಕ್ಕೆ, ಬಲಕ್ಕೆ. ಆಮೇಲೆ ಅಮ್ಮ ಸ್ಟೂಲಿನ ಮೇಲೆ ಕೂತಳು. ಅಷ್ಟರಲ್ಲಿ ಯಾರೋ ನರ್ಸನ್ನು ಕರೆದರು.

"ಒಂದು ನಿಮಿಷ, ಬಂದೆ."

"ನಾನು ತೆಗೀಲಾ ಆಂಟಿ?" ಎಂದಳು ಬಟಾಣಿ. "ನಮ್ಮಮ್ಮ ಸ್ಟುಡಿಯೋದಲ್ಲಿ ಇರೋದು. ನನಗೆ ಬರುತ್ತೆ."

ನರ್ಸ್ ನಕ್ಕು ಕ್ಯಾಮೆರಾವನ್ನು ಅವಳ ಕೈಗಿತ್ತು, ಅದರ ಪಟ್ಟಿಯನ್ನು ಕತ್ತಿಗೆ ಹಾಕಿ ಹೋದರು.

ದಿನಾ ಬೇರೆಯವರನ್ನು ಕೂರಿಸುವ ಅಮ್ಮ ಈಗ ಕೈ ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟಳು, ತೆಗೆದಳು, ಕಿವಿಯ ಹಿಂದೆ ಕೂದಲು ಸಿಕ್ಕಿಸಿದಳು. ಕನ್ನಡಕ ಇಲ್ಲದ ಮೂಗಿನ ಮೇಲೆ ಎರಡು ಕೆಂಪು ಗುರುತುಗಳಿದ್ದವು. ಅವಳು ನೆಲವನ್ನೇ ನೋಡುತ್ತಿದ್ದಳು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಬಟಾಣಿಗೆ ಕಂಡದ್ದು ಬೈತಲೆ ಮತ್ತು ಹುಬ್ಬು ಮಾತ್ರ.

‘ಅಮ್ಮಾ, ಇಲ್ಲಿ ನೋಡು’ ಎನ್ನಲು ಬಾಯಿ ತೆರೆದಳು. ಎನ್ನಲಿಲ್ಲ. ಬೋರ್ಡಿನ ಮುಂದೆ ನಿಲ್ಲಿಸಿದಾಗ ಇಡೀ ಕ್ಲಾಸು ತನ್ನ ಕಣ್ಣನ್ನೇ ನೋಡುತ್ತಿದೆ ಅನಿಸಿ, ಅವಳೂ ಎಷ್ಟೋ ಸಲ ಹೀಗೇ ನೆಲ ನೋಡುತ್ತಾ ನಿಂತಿದ್ದಳು. ಆಗ ಮುಖ ಎತ್ತಲು ಎಷ್ಟು ಹೊತ್ತು ಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಆಯ್ತಾ?" ಎಂದಳು ಅಮ್ಮ, ನೆಲಕ್ಕೆ.

"ಇಲ್ಲಮ್ಮಾ."

"ಬೇಗ ತೆಗಿಯೇ."

"ನಿಧಾನ ಆ‌ಗ್ಲಿ. ನಾನು ಇಲ್ಲೇ ಇದ್ದೀನಿ."

ಬಟಾಣಿ ಗುಂಡಿಯ ಮೇಲಿಂದ ಬೆರಳು ತೆಗೆದು, ಗೋಡೆಗೊರಗಿ, ಕಾಯುತ್ತಾ ನಿಂತಳು.